ಬೀರಣ್ಣ ಎಳೆದುಕೊಂಡ ತಟ್ಟೆ

ಈಗೊಂದು ವಾರದಿಂದ ನಮ್ಮ ಮನೆಯಲ್ಲಿ ನನ್ನ ತಟ್ಟೆ, ನನ್ನ ಲೋಟ ಬೇರೆ. ತೊಳೆದು ಕಿಟಕಿಯ ಪಕ್ಕ ಬೋರಲು ಹಾಕಿರುತ್ತಾರೆ. ಎದೆಗೆ ಕ್ಷಯ ತಗುಲಿದೆಯಂತೆ. 'ಈಗಿನ ಕಾಲಕ್ಕೆ ಇದೇನು ದೊಡ್ಡದಲ್ಲ, ಯಜಮಾನ್ರೆ. ಸ್ವಲ್ಪ ದಿನ ಮಕ್ಕಳಿಂದ ದೂರ ಇರಿ' ಅಂದರು ಡಾಕ್ಟರು. ಅವರಿಗೇನು, ಹೇಳುತ್ತಾರೆ! ಆ ಬೋರಲು ತಟ್ಟೆ ಕಂಡಾಗೆಲ್ಲ ಬೀರಣ್ಣನ ನೆನಪಾಗಿ ನನಗೆ ಊಟ ಸೇರುವುದಿಲ್ಲ.

ಎಪ್ಪತ್ತರ ದಶಕದ ಮಾತು. ಹೊಳಲ್ಕೆರೆಯ ಅಡಿಕೆ ವ್ಯಾಪಾರಿಯ ಮಗ ನಾನು. ಚಿತ್ರದುರ್ಗದ ಕಾಲೇಜು ಹಾಸ್ಟೆಲಿಗೆ ಬಂದಿಳಿದಾಗ ಹಣೆ ತುಂಬ ವಿಭೂತಿ, ಟ್ರಂಕಿನ ತುಂಬ ಅವ್ವನ ರೊಟ್ಟಿ, ತಲೆ ತುಂಬ ಜಂಬ. ಅಲ್ಲೊಂದು ಪದ್ಧತಿ ಇತ್ತು. ಹೊಸ ಹುಡುಗನನ್ನು ಕೊನೆಯ ವರ್ಷದವನೊಬ್ಬನಿಗೆ ಒಪ್ಪಿಸುತ್ತಿದ್ದರು. ಅವನು ಇವನಿಗೆ 'ಹಿರಿಯಣ್ಣ'. ಪಾಠ, ಜ್ವರ, ಮನೆ ನೆನಪಿನ ಅಳು, ಎಲ್ಲ ಅವನ ತಲೆಗೆ. ಶನಿವಾರ ಮಧ್ಯಾಹ್ನ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು, ತಂತಮ್ಮ ಊರಿನ ಒಂದೊಂದು ಪದ ಹಾಡಬೇಕು. ಜಾತಿ ಮರೆಸಲಿಕ್ಕೆ ವಾರ್ಡನ್ನರು ಹೂಡಿದ ಉಪಾಯ. ಬೇರೆ ಬೇರೆ ಜಾತಿಯವರನ್ನೇ ಹುಡುಕಿ ಜೋಡಿ ಮಾಡುತ್ತಿದ್ದರು.

ನನ್ನ ಪಾಲಿಗೆ ಬಂದವನು ಧರ್ಮಪುರ ಕಡೆಯ ಕುರಿಗಾರರ ಮಗ ಬೀರಣ್ಣ. ಕೋಲಿನಂಥ ಮೈ, ಡೊಳ್ಳಿನಂಥ ದನಿ. ಮೊದಲ ಶನಿವಾರ ತಟ್ಟೆ ಮುಂದೆ ಕೈ ಕಟ್ಟಿ ಕೂತೆ. ಅವನು ಮುದ್ದೆ ಮುರಿದು ದೊಡ್ಡ ಪಾಲನ್ನು ನನ್ನ ಕಡೆ ಸರಿಸಿ, "ಏನ್ಲೇ ಸಾಹುಕಾರ, ನನ್ನ ಕೈಯಾಗೇನು ಕುರಿ ಕುಂತೈತಾ? ಉಣ್ಣು" ಅಂದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬರುಬರುತ್ತಾ ನಾನು ಶನಿವಾರಕ್ಕೇ ಕಾಯತೊಡಗಿದೆ ಅಂದರೆ ನಂಬ್ತೀರಾ? ನಾಲ್ಕು ಜನರೆದುರು ಗಂಟಲು ಕಟ್ಟುತ್ತಿದ್ದ ನನ್ನಿಂದ ಪದ ಹೇಳಿಸಿದ ಪುಣ್ಯಾತ್ಮ ಅವನು. ಕೇಳಿದವರ ಪಾಡು ಬೇರೆ ಮಾತು.

ಆಮೇಲೊಂದು ಶನಿವಾರ ನಾನು ಕೈ ಚಾಚಿದರೆ, ಬೀರಣ್ಣ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ.

"ಇನ್ಮ್ಯಾಲೆ ನಿನ್ನ ತಟ್ಟೆ ನೀನು ತಗಳಪ್ಪ."

"ಯಾಕಣ್ಣ?"

"ನನಗೆ ಮನಸಿಲ್ಲ."

ಸದಾ 'ಲೇ' ಅನ್ನುತ್ತಿದ್ದವನು ಅವತ್ತು 'ಅಪ್ಪಾ' ಅಂದ. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

ಸಾಹುಕಾರ ಏನೋ ಜಾತಿ ಮಾತಾಡಿರಬೇಕು ಅಂದರು ಕೆಲವರು. ಕುರುಬನಿಗೇ ಸೊಕ್ಕು ಅಂದರು ನಮ್ಮವರು. ಮುಂದಿನ ಶನಿವಾರ ಇನ್ನೆರಡು ಜೋಡಿಯವರು ಬೇರೆ ಬೇರೆ ತಟ್ಟೆ ತಂದರು. ಇದಕ್ಕೇ ಕಾಯುತ್ತಿದ್ದವರ ಹಾಗೆ ಉಳಿದವರೂ ಬೇರೆಯಾದರು. ಕೊನೆಗೆ ಊರಲ್ಲಿ ಹೇಗೋ ಹಾಸ್ಟೆಲಿನಲ್ಲೂ ಹಾಗೇ, ಜಾತಿಗೊಂದು ಸಾಲು. ಬೀರಣ್ಣ ಎಲ್ಲ ನೋಡುತ್ತಾ, ಟವೆಲಿನೊಳಗೆ ಕೆಮ್ಮುತ್ತಾ, ಬಾಯಿ ಬಿಡದೆ ಕೂತಿರುತ್ತಿದ್ದ. ಬೀಡಿ ಕೆಮ್ಮು ಅಂದುಕೊಂಡಿದ್ದೆವು. ಪರೀಕ್ಷೆಗೆ ಮುಂಚೆ ಒಂದು ಮಾತೂ ಹೇಳದೆ ಊರಿಗೆ ಹೋದ.

ಅವನ ಟ್ರಂಕು ಒಯ್ಯಲು ಅವನಪ್ಪ ಬಂದರು. ಹೆಗಲ ಮೇಲೆ ಕಂಬಳಿ.

"ಹೊಳಲ್ಕೆರೆ ಹುಡುಗ ಯಾರಪ್ಪ?"

ಮುಂದೆ ಹೋದೆ.

"ನಮ್ಮ ಹುಡುಗ ಹೋಗಿಬಿಟ್ನಪ್ಪ. ಕ್ಷಯ. ತಿಳಿದ್ರೆ ಹಾಸ್ಟೆಲಿನಿಂದ ಹೊರಗೆ ಹಾಕ್ತಾರೆ, ಪರೀಕ್ಷೆ ತಪ್ಪತೈತೆ ಅಂತ ಮುಚ್ಚಿಟ್ಕಂಡಿದ್ದ. 'ಅವ್ನಿಗೆ ಎದೆ ತೋರಿಸ್ಕಳಕ್ಕೆ ಹೇಳಪ್ಪ, ಒಂದೇ ತಟ್ಟೆಯಾಗೆ ಉಂಡೀವಿ' ಅಂತಿದ್ದ."

ತೋರಿಸಿದೆ. ನನ್ನ ಎದೆಯಲ್ಲಿ ಏನೂ ಇರಲಿಲ್ಲ. ಹಾಸ್ಟೆಲಿನಲ್ಲಿ ವಿಷಯ ತಿಳಿದ ಮೇಲೂ ಯಾರೂ ಮತ್ತೆ ಒಂದೇ ತಟ್ಟೆಗೆ ಬರಲಿಲ್ಲ. ಈಗ ನೆವಕ್ಕೆ ರೋಗದ ಹೆಸರಿತ್ತು. ಬೀರಣ್ಣನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ ನೋಡ್ರಿ. ನನ್ನ ಕಿವಿಯಲ್ಲೊಂದು ಮಾತು ಹಾಕಬಹುದಿತ್ತಲ್ಲ, ಪಾಪಿ! ನಾನು ಯಾರಿಗೆ ಹೇಳುತ್ತಿದ್ದೆ?

ಇವತ್ತು ಮಧ್ಯಾಹ್ನ ಮೊಮ್ಮಗಳು ಕಣ್ತಪ್ಪಿಸಿ ಓಡಿಬಂದು ನನ್ನ ತಟ್ಟೆಗೆ ಕೈ ಹಾಕಿದಳು. ನನ್ನ ಕೈ ತಾನಾಗಿ ತಟ್ಟೆಯನ್ನು ಎಳೆದುಕೊಂಡಿತು. ಮಗುವಿನ ತುಟಿ ನಡುಗಿತು. 'ಮನಸಿಲ್ಲ, ಹೋಗು' ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಅಜ್ಜನ ಎದೆಯಾಗೆ ಕಾಯಿಲೆ ಐತೆ, ಪುಟ್ಟಿ. ನಿನಗೆ ಅಂಟೀತು ಅಂತ ಹೆದರಿಕೆ. ನಿನ್ನ ಮೇಲೆ ಸಿಟ್ಟಿಲ್ಲವ್ವ" ಅಂದೆ.

ಅವಳು ಒಳಗೆ ಹೋಗಿ ತನ್ನ ತಟ್ಟೆ ತಂದು, ಹೊಸ್ತಿಲಿನ ಆಚೆ, ನನಗೆ ಕಾಣುವ ಹಾಗೆ ಕೂತು ಉಣ್ಣತೊಡಗಿದಳು.

ಒಂದು ಮಾತು ಹೇಳಿದ್ದರೆ ಇಷ್ಟು ದೂರದಲ್ಲಿ ನಾನೂ ಕೂತಿರುತ್ತಿದ್ದೆನಲ್ಲೋ, ಬೀರಣ್ಣ.