ಚಪ್ಪರದಿಂದ ಎಬ್ಬಿಸಿದ ಹಾಡುಗಾತಿ

ಗುಮಟಾಪುರದ ಆ ಹೆಣ್ಣು ತಾಳವಾಡಿಯ ನಮ್ಮ ಬೀದಿಗೆ ಸೊಸೆಯಾಗಿ ಬರುವವರೆಗೆ, ಮದುವೆಮನೆಯಲ್ಲಿ ಸೋಬಾನೆ ಎಂದರೆ ನಾನೇ. ಅವಳು ಬಂದ ಮೇಲೆ ಜನ ನನ್ನನ್ನು ಕರೆಯುವಾಗಲೂ, "ಆ ಯಮ್ಮನೂ ಬತ್ತದಾ?" ಎಂದು ಕೇಳತೊಡಗಿದರು. ಅವಳ ದನಿ ದೊಡ್ಡದೇನಲ್ಲ. ಆದರೆ ಪದವನ್ನು ಅಲ್ಲೇ ಕಟ್ಟಿ ಅಲ್ಲೇ ಹಾಡುತ್ತಿದ್ದಳು. ನನಗೋ, ಅವ್ವ ಕಲಿಸಿದ್ದು ಬಿಟ್ಟರೆ ಒಂದು ಸಾಲೂ ಹುಟ್ಟುತ್ತಿರಲಿಲ್ಲ. ಅವಳ ಪಕ್ಕ ಕೂತರೆ ಎದೆಯೊಳಗೆ ಮೆಣಸಿನಕಾಯಿ ಹುರಿದ ಹಾಗಾಗುತ್ತಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮಣ್ಣನ ಮಗಳ ಮದುವೆ. ಗಂಡಿನವರು ಚಾಮರಾಜನಗರದ ಕಡೆಯವರು. ಬೀಗರು ಊಟಕ್ಕೆ ಕೂತಾಗ ಅವರನ್ನು ಛೇಡಿಸಿ ಹಾಡುವುದು ನಮ್ಮಲ್ಲಿ ವಾಡಿಕೆ. ಅವಳು ಗಂಡಿನ ಚಿಕ್ಕಪ್ಪನನ್ನು ಒಮ್ಮೆ ನೋಡಿದಳು, ಶುರುಮಾಡಿದಳು:

"ಬೀಗರಣ್ಣ ಬಂದವ್ನೆ ಮೀಸೆ ಮುಂದೆ ಮಾಡ್ಕೊಂಡು,
ಎಲೆಗಾಕಿದ್ ಪಾಯ್ಸಾನೆಲ್ಲ ಮೀಸೆಗುಣ್ಸಿ ಕೂತ್ಕೊಂಡು!"

ಚಪ್ಪರವೆಲ್ಲ ನಕ್ಕಿತು. ಚಿಕ್ಕಪ್ಪ ಮಾತ್ರ ಎಲೆ ಬಿಟ್ಟು ಎದ್ದ.

"ಇದೇನ್ ಮರ್ವಾದಿ? ಆ ಎಂಗಸ್ನ ಆಚೆಗ್ ಕಳ್ಸಿ. ಇಲ್ದಿದ್ರೆ ನಾವೇ ಎದ್ದೋಯ್ತೀವಿ."

"ಬೀಗ್ರ ಪದ ಕಣಪ್ಪ, ನಕ್ಬುಟ್ಟು ಕೂತ್ಕೊ" ಎಂದಳು ನಮ್ಮತ್ತೆ. ಅವನು ಕೂರಲಿಲ್ಲ. ಅಣ್ಣ ಬೆವರುತ್ತ ಬಂದ.

"ತಪ್ಪ್ ತಿಳ್ಕಬ್ಯಾಡ ಕಣವ್ವ. ಮದ್ವೆ ನಂದು. ಈಗ ಎದ್ದೋಗ್ಬುಡು."

"ಕರ್ದೋರೂ ನೀವೆ, ಕಳ್ಸೋರೂ ನೀವೆ. ಆಗ್ಲಿ ಬುಡಣ್ಣ" ಎಂದು ಅವಳು ಸೆರಗು ಕೊಡವಿ ಹೊರಟಳು. ಮುಖ ಒಂದಿಷ್ಟೂ ಬಾಡಿರಲಿಲ್ಲ.

ಅಣ್ಣ ನನ್ನ ಕಡೆ ತಿರುಗಿ, "ನೀನಾಡವ್ವ" ಎಂದ. ಎಷ್ಟು ದಿನದಿಂದ ಕಾದಿದ್ದೆನೋ! ನನ್ನ ಅತ್ಯುತ್ತಮ ಪದವನ್ನೇ ಎತ್ತಿಕೊಂಡೆ. ನನ್ನ ಹಿಂದೆ ಸೊಲ್ಲು ಹಿಡಿದು ದನಿಗೂಡಿಸಬೇಕಾದವರು ಬಾಯೊಳಗೇ ಗೊಣಗಿದರು. ಒಬ್ಬಳಿಗೆ ಮಗು ಅತ್ತ ನೆಪ, ಇನ್ನೊಬ್ಬಳಿಗೆ ನೀರಿನ ನೆಪ. ಹಿಂದಿನ ಸಾಲು ಬರಿದಾಯಿತು. ನಾನು ಮುಗಿಸುವ ಹೊತ್ತಿಗೆ ಹೊರಗೆ ಹೊಂಗೆಮರದ ಕೆಳಗಿಂದ ನಗು ಕೇಳಿಸಿತು. ಅಲ್ಲಿ ಅವಳ ಮೀಸೆಯ ಪದಕ್ಕೆ ಇನ್ನೆರಡು ಸಾಲು ಸೇರಿತ್ತು.

ಸಂಜೆ ಹೆಣ್ಣುಗಂಡನ್ನು ಬಸ್ಸಿಗೆ ಕರೆದೊಯ್ಯುವಾಗ ಅವಳಿನ್ನೂ ಕೂತಿದ್ದ ಆ ಮರದ ಹತ್ತಿರ ಮದುಮಗ ನಿಂತ.

"ಅಕ್ಕ, ನಮ್ ಚಿಕ್ಕಪ್ಪನ್ ಪದ ಇನ್ನೊಂದ್ಸಲ ಆಡಿ."

ನನ್ನ ಕಣ್ಣೆದುರೇ ನಮ್ಮ ಹುಡುಗಿ ಅವಳ ಮಡಿಲಿಗೆ ತಾಂಬೂಲ ಹಾಕಿದಳು.

ಆಮೇಲೆ ಹಾಸನೂರಿನವರೂ ಹುಡುಕಿಕೊಂಡು ಬಂದರು: "ಚಪ್ರದಿಂದ ಎಬ್ಬುಸ್ಬುಟ್ರಲ್ಲ, ಆ ಯಮ್ಮ ಎಲ್ಲವ್ಳೆ?" ನನ್ನನ್ನೂ ಕರೆಯುತ್ತಿದ್ದರು. "ಅಕ್ಕ, ಮೊದ್ಲು ನೀವಾಡಿ" ಎಂದು ಅವಳೇ ಬಿಟ್ಟುಕೊಡುತ್ತಿದ್ದಳು. ಹಾಡುತ್ತಿದ್ದೆ. ಅದು ಯಾವಾಗ ಮುಗಿಯುತ್ತದೋ ಎಂದು ಹೆಂಗಸರು ಕಾಯುತ್ತಿದ್ದುದು ನನಗೆ ಚೆನ್ನಾಗಿ ಕಾಣುತ್ತಿತ್ತು.