ಹಣಮಮ್ಮ ತಿದ್ದಿಕೊಂಡ ಸಾಕ್ಷಿ

ಶಹಾಬಾದದ ಹಣಮಮ್ಮನ ಹೆಸರು ಬದಲಿಸಲು ಹೋಗಿ ನಾಲ್ಕು ಮಂದಿ ಪಾಸ್ಟರರು ಸೋತಿದ್ದಾರೆ. ಒಬ್ಬರು ಹನ್ನಾ ಎಂದಿಟ್ಟುಕೋ ಎಂದರು, ಇನ್ನೊಬ್ಬರು ಮಾರ್ಥಾ ಎಂದರು. "ಯೇಸಪ್ಪ ನನ್ನ ಹಣಮಿ ಅಂತನೇ ಕರೀತಾನ, ನಿಮಗ್ಯಾಕ್ರಿ ತ್ರಾಸ?" ಎಂದು ಅವಳು ಮಾತು ಮುಗಿಸಿಬಿಟ್ಟಳು. ಮೂರು ತಲೆಮಾರಿನಿಂದ ಕ್ರೈಸ್ತರಾಗಿದ್ದ ಮನೆಗೆ ಸೊಸೆಯಾಗಿ ಬಂದವಳು, ಹೆಸರು ಮಾತ್ರ ತವರಿನದು.

ದುಡಿದದ್ದು ನೆಲಕ್ಕೆ ಹಾಸುವ ಫರಸಿಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ, ಮೂವತ್ತೆರಡು ವರ್ಷ. ಅಲ್ಲಿ ಮಷೀನು ಶುರುವಾಯಿತೆಂದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಹಣಮಮ್ಮನಿಗೆ ಬೇಕಾದದ್ದೂ ಅದೇ. ಕಲ್ಲಿನ ಮೇಲೆ ನೀರು ಬಿಡುತ್ತ ಯೇಸುವಿನೊಂದಿಗೆ ಬಾಯಿ ತುಂಬ ಮಾತಾಡುತ್ತಿದ್ದಳು. ಅತ್ತೆಯ ಕಿರಿಕಿರಿ, ಗಂಡನ ಬೀಡಿ, ತೊಗರಿಬೇಳೆಯ ರೇಟು, ಯಾವುದನ್ನೂ ಬಿಟ್ಟವಳಲ್ಲ. ಸಿಟ್ಟು ಬಂದರೆ ಬೈಯುವುದೂ ಅವನನ್ನೇ. ಜೊತೆಗೆ ದುಡಿಯುತ್ತಿದ್ದ ಹಮೀದಾಬೇಗಂ ಅವಳ ತುಟಿ ಅಲ್ಲಾಡುವುದನ್ನು ನೋಡಿ, ಊಟದ ಹೊತ್ತಿಗೆ "ಇವತ್ತೇನು ಜಗಳ ಅವನ ಜೋಡಿ?" ಎಂದು ಕಾಡುತ್ತಿದ್ದಳು.

ಇಷ್ಟೆಲ್ಲ ಮಾತಾಡುವವಳು ಒಂದು ಸಂಗತಿಯನ್ನು ಮಾತ್ರ ಯೇಸುವಿನ ಮುಂದೆ ಎತ್ತುತ್ತಿರಲಿಲ್ಲ. ಅದು ಅವಳ ಸಾಕ್ಷಿ.

ಸಾಕ್ಷಿ ಹೇಳುವುದೆಂದರೆ ದೇವರು ತನಗೆ ಮಾಡಿದ ಉಪಕಾರವನ್ನು ಸಭೆಯಲ್ಲಿ ಎದ್ದು ನಿಂತು ಹೇಳುವ ರೂಢಿ. ಹಣಮಮ್ಮನ ಮಗಳು ಕೃಪಾ ಆರು ವರ್ಷದವಳಿದ್ದಾಗ ಮೆದುಳುಜ್ವರ ಬಂದು, ಕಲಬುರಗಿಯ ದವಾಖಾನೆಯಲ್ಲಿ ಒಂಬತ್ತು ದಿನ ಕಣ್ಣು ತೆರೆಯಲಿಲ್ಲ. ಒಂದು ಮಧ್ಯಾಹ್ನ ತಾಯಿ ತೂಕಡಿಸಿ ಎಚ್ಚರಾದಾಗ ಬಿಳಿ ಬಟ್ಟೆಯ ಯಾರೋ ಮಗುವಿನ ಹಣೆ ಮುಟ್ಟಿ ಹೊರಗೆ ಹೋದರು. ಸಂಜೆಗೆ ಜ್ವರ ಇಳಿಯಿತು. ಊರಿಗೆ ಬಂದು ಇಷ್ಟನ್ನೇ ಹೇಳಿದಳು. "ಅಂವ ಯೇಸುಸ್ವಾಮೀನೇ!" ಎಂದು ಸಭೆ ಚಪ್ಪಾಳೆ ತಟ್ಟಿತು. ಇವಳೂ ಹೂಂ ಅಂದಳು. ಮರುವರ್ಷ ಸಾಕ್ಷಿಯಲ್ಲಿ ಬೆಳಕು ಸೇರಿತು. ಅದರ ಮರುವರ್ಷ ಅವನ ಅಂಗೈಯಲ್ಲಿ ಮೊಳೆಯ ಗಾಯವೂ ಕಂಡಿತು! ಕೇಳುವವರು ಕಣ್ಣೀರು ಹಾಕುತ್ತಿದ್ದರೆ ಹೇಳುವವರ ನಾಲಿಗೆಗೆ ಲಗಾಮು ಎಲ್ಲಿಯದು? ಸೇಡಂ, ಚಿತ್ತಾಪುರ, ಚಿಂಚೋಳಿಯ ಕೂಟಗಳಿಂದಲೂ ಅವಳಿಗೆ ಕರೆ ಬರತೊಡಗಿತು.

ಹೀಗೆ ಮೂವತ್ತು ವರ್ಷ ನಡೆಯಿತು. ಈ ವರ್ಷ ಬಂದ ಹೊಸ ಪಾಸ್ಟರರು ಸಭೆಯ ನೂರನೆಯ ವರ್ಷಕ್ಕೆ ಪುಸ್ತಕ ತರಲು ಹೊರಟರು. ಮೊದಲ ಪುಟಕ್ಕೇ ಹಣಮಮ್ಮನ ಸಾಕ್ಷಿ. "ತಾರೀಖು, ವಾರ್ಡು ಎಲ್ಲಾ ಬರಸ್ರಿ ಅಮ್ಮಾ. ಇದೆಲ್ಲಾ ನಡದದ್ದು ಖರೇ ಅಂತ ಓದಿದವರಿಗೆ ಗೊತ್ತಾಗಬೇಕಲ್ರಿ" ಎಂದರು. ಹಣಮಮ್ಮನಿಗೆ ಚಿಂತೆ ಹತ್ತಿತು. ಬಾಯಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ, ಅಚ್ಚಾದದ್ದು ಎಲ್ಲಿಗೆ ಹೋಗಬೇಕು? ಬರೆಸುವ ಆದಿತ್ಯವಾರಕ್ಕೆ ನಾಲ್ಕು ದಿನ ಉಳಿದಿತ್ತು. ಅವಳು ನೆಟ್ಟಗೆ ಹಮೀದಾಬೇಗಮಳ ಮನೆಗೆ ಹೋಗಿ ಎಲ್ಲವನ್ನೂ ಕಕ್ಕಿದಳು.

"ಸುಳ್ಳ ಹೇಳಿದ್ದಕ್ಕ ಮಂದಿ ನಗ್ತಾರ, ನಗಲಿ. ಆದರ ಹಮೀದಾ, ಅವತ್ತು ಅಂವ ಬಂದೇ ಇಲ್ಲಂದ್ರ ನಾ ಇಷ್ಟು ವರ್ಷ ಯಾರ ಜೋಡಿ ಮಾತಾಡೀನಿ?" ಎಂದು ಅತ್ತಳು.

ಹಮೀದಾಬೇಗಂ ಎಲೆಗೆ ಸುಣ್ಣ ಹಚ್ಚುತ್ತ ನಕ್ಕಳು. "ನಿನ್ನ ಗಂಡ ಲಗ್ನಕ್ಕ ಕುದುರಿ ಮ್ಯಾಲ ಬಂದಿದ್ದ ಅಂತ ಇಡೀ ಕಾರ್ಖಾನಿಗೆ ಹೇಳಿದ್ದಿ. ಅಂವ ಬಂದದ್ದು ಬಾಡಿಗಿ ಸೈಕಲ್ ಮ್ಯಾಲ ಅಂತ ನಿಮ್ಮತ್ತಿನೇ ನನ್ನ ಮುಂದ ಹೇಳ್ಯಾಳ. ಕುದುರಿ ಸುಳ್ಳ ಆತು. ಹಂಗಂತ ಗಂಡನೂ ಸುಳ್ಳೇನ ಹುಚ್ಚಿ? ಸಂಸಾರ ಮಾಡಲಿಲ್ಲೇನು ಅವನ ಜೋಡಿ?"

ಹಣಮಮ್ಮ ಅಳುತ್ತಿದ್ದವಳು ಫಕ್ಕನೆ ನಕ್ಕುಬಿಟ್ಟಳು.

ಆದಿತ್ಯವಾರ ಆರಾಧನೆ ಮುಗಿದ ಮೇಲೆ ಪಾಸ್ಟರರು ಪೆನ್ನು ಹಿಡಿದು ಕುಳಿತರು. ಹಣಮಮ್ಮ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು.

"ಅವತ್ತು ಬಂದವ್ರು ಯಾರಂತ ನನಗ ಗೊತ್ತಿಲ್ರಿ. ನರ್ಸಬಾಯಿನೂ ಇರಬಹುದು. ಬೆಳಕು ನಾ ಹಚ್ಚಿದ್ದು. ಆ ಅಂಗೈಗೆ ಮೊಳಿ ಹೊಡದಾಕಿನೂ ನಾನೇ. ಖರೇ ಹೇಳಬೇಕಂದ್ರ, ಒಂಬತ್ತು ದಿನ ನಾ ಪ್ರಾರ್ಥನಾನೇ ಮಾಡಿಲ್ಲ. ಬಾಯಿಗೆ ಬಂದಂಗ ಯೇಸಪ್ಪನ್ನ ಬೈದೀನಿ. ಅಂವ ಎದ್ದು ಹೋಗಲಿಲ್ಲ, ಕುಂತು ಕೇಳಿದ. ಇದಕ್ಕ ತಾರೀಖಿಲ್ರಿ, ವಾರ್ಡಿಲ್ಲ. ಬರಕೊಳ್ಳೂದಿದ್ರ ಇದನ್ನ ಬರಕೊಳ್ರಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಪಾಸ್ಟರರ ಪೆನ್ನು ಕಾಗದದ ಮೇಲೆ ನಿಂತಲ್ಲೇ ನಿಂತಿತು. ಮುಂದಿನ ಸಾಲಿನ ಹಿರಿಯರೊಬ್ಬರು "ಛೇ ಛೇ" ಎಂದು ಮುಖ ತಿರುಗಿಸಿದರು.

ಆಗ ಹಿಂದಿನ ಸಾಲಿನಲ್ಲಿ ಎಸ್ತೇರಮ್ಮ ಎದ್ದಳು. ಹತ್ತಿರದ ವಾಡಿ ಊರಿನಿಂದ ಬರುವ ಹೆಂಗಸು. ಪ್ರತಿ ವಾರ ತಪ್ಪದೆ ಬಂದರೂ ಒಂದು ದಿನವೂ ಸಾಕ್ಷಿ ಹೇಳಿದವಳಲ್ಲ. ಅದೇ ಜ್ವರ ಬಂದು ಅವಳ ನಾಲ್ಕು ವರ್ಷದ ಮಗ ತೀರಿಕೊಂಡಿದ್ದ. ಆಗಲೇ ಇಪ್ಪತ್ತಾರು ವರ್ಷವಾಗಿತ್ತು.

"ಯಕ್ಕಾ, ನಿನ್ನ ಸಾಕ್ಷಿ ಕೇಳಿ ನಾನೂ ದವಾಖಾನಿ ಬಾಗಲಾ ನೋಡಕೊಂತ ಕುಂತಿದ್ದೆ" ಎಂದಳು. "ಬಿಳಿ ಬಟ್ಟಿ ಕಂಡಾಗೊಮ್ಮಿ ಎದ್ದು ನಿಂತೆ. ಅಂವ ಬರಲಿಲ್ಲ, ಮಗ ಹೋದ. ನಿನ್ನ ನಂಬಿಕಿ ದೊಡ್ಡದು, ನಂದು ಕಡಿಮಿ ಬಿತ್ತು, ಅದಕ್ಕ ನನ್ನ ಕೂಸು ಸತ್ತಿತು ಅಂತ ಇವತ್ತಿನ ತನಕ ತಿಳಕೊಂಡಿದ್ದೆ."

ಅಯ್ಯೋ ದೇವರೇ! ತಾನು ಹಚ್ಚಿದ ಬೆಳಕು ಯಾರ ಮನೆಯನ್ನು ಸುಟ್ಟಿತ್ತೆಂದು ಹಣಮಮ್ಮನಿಗೆ ಅಂದೇ ತಿಳಿದದ್ದು. ಬೆಂಚುಗಳ ನಡುವೆ ಹಾದುಹೋಗಿ ಎಸ್ತೇರಮ್ಮನ ಎರಡೂ ಕೈ ಹಿಡಿದುಕೊಂಡಳು. "ತಪ್ಪಾತು, ನನ್ನವ್ವ. ನಿಂದೇನೂ ಕಡಿಮಿ ಬಿದ್ದಿಲ್ಲ" ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು: "ನೀನೂ ಬೈದಿದ್ದೇನು ಅವನ್ನ?"

"ಭಾಳ ಬೈದೀನಿ ಯಕ್ಕಾ. ಇನ್ನಾ ಬೈಯಾಕತ್ತೀನಿ."

"ಎದ್ದು ಹೋದನೇನು?"

ಎಸ್ತೇರಮ್ಮ ಕಣ್ಣೊರೆಸಿಕೊಂಡು ಯೋಚಿಸಿದಳು. ಎಷ್ಟೋ ವರ್ಷದಿಂದ ಬಿಗಿದಿದ್ದ ಅವಳ ಮುಖ ಸಡಿಲಾಯಿತು.

"ಇಲ್ಲ ಯಕ್ಕಾ. ಇಲ್ಲೇ ಇದ್ದಾನ."