ರಜನಿಯ ಎಂಟನೆಯ ಸಾಲು

ಎಜ್‌ವೇರ್‌ನ ಜಿಪಿ ಸರ್ಜರಿಯೊಂದರ, ಅಂದರೆ ಡಾಕ್ಟರ ಕ್ಲಿನಿಕ್ಕಿನ, ರಿಸೆಪ್ಷನ್‌ನಲ್ಲಿ ಕೂರುವ ರಜನಿಗೆ ದಿನವಿಡೀ ಮಾತೇ ಕೆಲಸ. ಬೆಳಿಗ್ಗೆ ಎಂಟಕ್ಕೆ ಫೋನು ಹೊಡೆದುಕೊಳ್ಳಲು ಶುರುವಾದರೆ, ಇವತ್ತು ಅಪಾಯಿಂಟ್‌ಮೆಂಟ್ ಇಲ್ಲ ಎಂಬ ಒಂದೇ ಮಾತನ್ನು ಐವತ್ತು ಬಗೆಯಲ್ಲಿ, ಯಾರಿಗೂ ಬೇಜಾರಾಗದಂತೆ ಹೇಳಬೇಕು. ಧಾರವಾಡದಲ್ಲಿ ಎಂಟು ವರ್ಷ ಸಂಗೀತ ಕಲಿತ ಗಂಟಲು ಕೊನೆಗೆ ಈ ಕೆಲಸಕ್ಕೆ ಬಂತಲ್ಲ ಎಂದು ಅವಳೇ ನಗುತ್ತಿದ್ದಳು. ಆ ನಗು ನಿಂತದ್ದು ಎರಡು ವರ್ಷದ ಹಿಂದೆ, ಥೈರಾಯ್ಡ್ ಆಪರೇಷನ್ ಆದ ಮೇಲೆ. ಮಾತಿಗೇನೂ ಅಡ್ಡಿಯಾಗಲಿಲ್ಲ. ಆದರೆ ಸ್ವರ ಮೇಲಕ್ಕೆ ಹತ್ತಿದರೆ ಸಾಕು, ಗಂಟಲು ಕೈಕೊಡುತ್ತಿತ್ತು. ಆರು ತಿಂಗಳು ಕಾದು ನೋಡಿ ಎಂದಿದ್ದರು ಡಾಕ್ಟರು. ಅವಳು ಕಾಯುತ್ತಲೇ ಇದ್ದಳು.

ಗಂಡ ವೇಣುಗೋಪಾಲ ಮೈಸೂರಿನವನು, ಬ್ಯಾಂಕೊಂದಕ್ಕೆ ಸಾಫ್ಟ್‌ವೇರ್ ಬರೆಯುವವನು. ಅವನಿಗೆ ಹಾಡಲು ಬಾರದು, ಹೆಂಡತಿಯ ಹಾಡೆಂದರೆ ಪ್ರಾಣ. ಅವಳ ಸಪ್ಪೆ ಮುಖ ನೋಡಲಾರದೆ ಮೈಕು ತಂದ, ವಿಡಿಯೊ ನೋಡಿ ನೋಡಿ ಮಿಕ್ಸಿಂಗ್ ಕಲಿತ. ಗೋಡೆಗೆ ಬಡಿದು ಬರುವ ಸದ್ದು ಮೈಕಿಗೆ ಸಿಗಬಾರದೆಂದು ಅವಳನ್ನು ವಾರ್ಡ್‌ರೋಬಿನ ಬಾಗಿಲಲ್ಲಿ, ಸೀರೆಗಳಿಗೆ ಮುಖ ಮಾಡಿ ನಿಲ್ಲಿಸಿದ. ಹಾಡು ಅವಳ ಸೋದರಮಾವ ರಾಗ ಹಾಕಿಕೊಟ್ಟ ಹನ್ನೆರಡು ಸಾಲಿನ ಭಾವಗೀತೆ. ಎಂಟನೆಯ ಸಾಲು ಮೇಲಿನ ಸ್ವರಕ್ಕೆ ಏರಿ ಅಲ್ಲೇ ನಿಲ್ಲಬೇಕು. ಹದಿನೈದು ಸಲ ಹಾಡಿದಳು. ಒಂದೆರಡು ಸಲ ಮುಟ್ಟಿದಂತೆ ಅನ್ನಿಸಿತು. ನಿಂತಿತೋ ಇಲ್ಲವೋ ತಿಳಿಯಲಿಲ್ಲ.

ಎರಡು ವಾರ ವೇಣು ಹೆಡ್‌ಫೋನ್ ಏರಿಸಿಕೊಂಡು ಕೂತ. ತಳದಲ್ಲಿ ಗುಂಯ್‌ಗುಡುತ್ತಿದ್ದುದನ್ನು ಕತ್ತರಿಸಿದ, ಕಿವಿಗೆ ಚುಚ್ಚುವ ‘ಸ’ ‘ಶ’ಗಳನ್ನು ಮೊಂಡು ಮಾಡಿದ, ದನಿ ಇಳಿದ ಕಡೆ ಎತ್ತಿ, ಏರಿದ ಕಡೆ ತಗ್ಗಿಸಿ ಒಂದು ಮಟ್ಟಕ್ಕೆ ತಂದ. ಕೊನೆಗೆ ಹಿನ್ನೆಲೆಗೆ ವಾದ್ಯ ಸೇರಿಸಿ, ದೊಡ್ಡ ಸಭಾಂಗಣದ ಪ್ರತಿಧ್ವನಿಯನ್ನು ಒಗ್ಗರಣೆಗೆ ಇಂಗು ಹಾಕಿದಷ್ಟು ಬೆರೆಸಿದ. ಕೇಳಿದ ರಜನಿ ಅತ್ತೇಬಿಟ್ಟಳು. ಎಂಟನೆಯ ಸಾಲು ಸಲೀಸಾಗಿ ಏರಿ, ಅಲುಗದೆ ನಿಂತಿತ್ತು. ಇದು ನಾನೇ ಹಾಡಿದ್ದಾ ಎಂದು ಮೂರು ಸಲ ಕೇಳಿದಳು. ನೀನಲ್ಲದೆ ಇನ್ಯಾರು ಎಂದ ವೇಣು, ಮೂರು ಸಲವೂ.

ಹಾಡು ಕನ್ನಡ ಬಳಗದ ವಾಟ್ಸ್ಆ್ಯಪ್ ಗುಂಪಿಗೆ ಹೋಯಿತು. ಬಳಗದ ಕಾರ್ಯದರ್ಶಿ ಚಂದ್ರಿಕಾ ಫೋನು ಮಾಡಿ, ಸ್ಟ್ರಾಟ್‌ಫರ್ಡ್‌ನ ರಾಜ್ಯೋತ್ಸವದಲ್ಲಿ ಇದನ್ನು ಹಾಡಲೇಬೇಕು ಎಂದು ಪಟ್ಟು ಹಿಡಿದಳು. ವೇದಿಕೆಯ ಹೆಸರೆತ್ತಿದರೆ ಬೆವರುತ್ತಿದ್ದ ರಜನಿ ಹೂಂ ಎಂದಳು. ಅಭ್ಯಾಸದಲ್ಲಿ ಆ ಸಾಲು ಸಿಗದಿದ್ದಾಗಲೂ ಹೆದರಲಿಲ್ಲ. ಸೀರೆಗಳ ಮುಂದೆ ಬಂದದ್ದು ಜನರ ಮುಂದೆ ಬಾರದೆ ಎಲ್ಲಿಗೆ ಹೋಗುತ್ತದೆ?

ಇನ್ನೂರು ಜನರೆದುರು ಏಳು ಸಾಲು ಚೆನ್ನಾಗಿಯೇ ಹಾಡಿದಳು. ಎಂಟನೆಯದರಲ್ಲಿ ದನಿ ಬಿರಿದು ಬರೀ ಗಾಳಿ ಬಂತು. ತಬಲಾದವನು ಪಾಪ, ಇನ್ನೊಂದು ಸುತ್ತು ಬಾರಿಸಿ ಅವಕಾಶ ಮಾಡಿಕೊಟ್ಟ, ಮತ್ತೆ ಗಾಳಿ. ಜನ ಕನಿಕರಪಟ್ಟು ಚಪ್ಪಾಳೆ ತಟ್ಟಿದರು. ಅಂಥ ಚಪ್ಪಾಳೆಗಿಂತ ಅವರು ಎದ್ದು ಹೋಗಿದ್ದರೇ ವಾಸಿಯಿತ್ತು. ಹಿಂದಿರುಗುವಾಗ ಟ್ಯೂಬ್ ರೈಲಿನಲ್ಲಿ ವೇಣು ಅವಳ ಕೈ ಹಿಡಿದುಕೊಂಡು, ಇದು ಬರೀ ಸಭಾಕಂಪ, ಮನೆಯಲ್ಲಿ ಬಂದಿತ್ತಲ್ಲ ಎಂದು ಸಮಾಧಾನ ಹೇಳಿದ. ಅವಳು ನಂಬಿದಳು. ಮೂರು ವಾರ ತನ್ನ ಪುಕ್ಕಲುತನವನ್ನೇ ಬೈದುಕೊಂಡಳು.

ಆಮೇಲಿನ ಶನಿವಾರ ಬೆಳಿಗ್ಗೆ ವೇಣು ತರಕಾರಿಗೆ ಹೋಗಿದ್ದ. ಮನೆಯಲ್ಲಿ ಹಾಡಿದಾಗ ಆ ಸಾಲಿಗೆ ಉಸಿರು ಎಲ್ಲಿ ತೆಗೆದುಕೊಂಡಿದ್ದೆ, ಅದನ್ನೇ ರೂಢಿ ಮಾಡಿಕೊಳ್ಳೋಣ ಎಂದು ರಜನಿ ಕಂಪ್ಯೂಟರ್ ತೆರೆದಳು. ವಾದ್ಯ, ಪ್ರತಿಧ್ವನಿ ಎಲ್ಲ ಮುಚ್ಚಿ ದನಿಯೊಂದನ್ನೇ ಕೇಳುವುದನ್ನು ವೇಣುವೇ ಕಲಿಸಿದ್ದ. ಎಂಟನೆಯ ಸಾಲು ಬಂತು. ಅದರ ಅಡಿಯಲ್ಲಿ, ತೀರ ಸಣ್ಣಗೆ, ವಿಮಾನವೊಂದು ಇಳಿಯುತ್ತಿತ್ತು.

ಎಜ್‌ವೇರ್‌ನಲ್ಲಿ ವಿಮಾನಗಳು ಹಾಗೆ ತಲೆಯ ಮೇಲೆ ಇಳಿಯುವುದಿಲ್ಲ. ಮದುವೆಯಾದ ಹೊಸದರಲ್ಲಿ ಅವರಿದ್ದ, ವಿಮಾನ ನಿಲ್ದಾಣಕ್ಕೆ ಹತ್ತಿರದ ಫೆಲ್ಥಮ್‌ನ ಫ್ಲ್ಯಾಟಿನ ಮೇಲೆ ಇಳಿಯುತ್ತಿದ್ದವು. ಎರಡು ವಿಮಾನಗಳ ನಡುವೆ ಒಂದು ಹಾಡು ಮುಗಿಸುತ್ತೇನೆಂದು ಅವಳು ಪಂಥ ಕಟ್ಟಿ ದಿನವೂ ಸೋಲುತ್ತಿದ್ದಳು. ಹನ್ನೊಂದು ವರ್ಷದ ಹಿಂದೆ, ಅಲ್ಲೇ, ವೇಣು ಇದೇ ಹಾಡನ್ನು ಲ್ಯಾಪ್‌ಟಾಪಿನಲ್ಲಿ ಹಿಡಿದಿಟ್ಟಿದ್ದ. ಈ ಸಾಲು ಅಲ್ಲಿಂದ ಕತ್ತರಿಸಿ ತಂದದ್ದು.

ಚೀಲ ಹಿಡಿದು ಒಳಗೆ ಬಂದವನಿಗೆ ಆ ಸಾಲನ್ನು ಕೇಳಿಸಿದಳು. “ಈ ವಿಮಾನ ಎಲ್ಲಿಂದ ಬಂತ್ರಿ?”

ವೇಣು ಚೀಲ ಕೆಳಗಿಡುವುದನ್ನೂ ಮರೆತ. “ಅದು ನಿಂದೇ ಧ್ವನಿ ಕಣೆ. ಬೇರೆಯವರದ್ದೇನಾದ್ರೂ ಹಾಕಿದ್ನಾ? ನೀನು ಸಂತೋಷವಾಗಿರ್ಲಿ ಅಂತ ಮಾಡ್ದೆ.”

“ನಾ ಸ್ಟೇಜ್ ಮ್ಯಾಲೆ ನಿಂತಾಗ ನೀವು ಎದುರಿಗೇ ಕುಂತಿದ್ರಿ. ನನಗ ಅದು ಬರೂದಿಲ್ಲಂತ ಅಲ್ಲಿ ನಿಮಗೊಬ್ಬರಿಗೇ ಗೊತ್ತಿತ್ತು.”

ಅವನು ಈಗ ಚೀಲ ಕೆಳಗಿಟ್ಟ. ಗಂಟಲು ಕೈಕೊಟ್ಟಾಗ ಅವಳಿಗೆ ದುಃಖವಾಗಿತ್ತು, ಇದು ದ್ರೋಹ. ಟ್ಯೂಬಿನಲ್ಲಿ ಹಿಡಿದ ಕೈ ಈಗ ನೆನಪಾಗಿ ಉರಿಯಿತು. ಮೋಸ ಮಾಡಿದವನನ್ನೇ ಮತ್ತೆ ಕೇಳಬೇಕಲ್ಲ ಎಂದು ನಾಚಿಕೆಯಾದರೂ ಕೇಳಿದಳು.

“ಉಳಿದ ಹನ್ನೊಂದು ಸಾಲು?”

“ನಿನ್ನಾಣೆಗೂ ಈಗಿನದ್ದೇ. ತುಂಬಾ ಚೆನ್ನಾಗಿ ಹಾಡಿದ್ದೀಯ.”

ಅವನು ನಿಜವನ್ನೇ ಹೇಳುತ್ತಿದ್ದಿರಬಹುದು. ರಜನಿ ಕಂಪ್ಯೂಟರಿನತ್ತ ತಿರುಗಿದಳು. ಹೆಡ್‌ಫೋನ್ ಏರಿಸಿಕೊಂಡು, ಮೊದಲನೆಯ ಸಾಲಿನಿಂದ ಒಂದೊಂದನ್ನೇ ಒಂಟಿ ಮಾಡಿ, ವಿಮಾನ ಹುಡುಕುತ್ತ ಕೂತಳು.